ತಮ್ಮನ ಪಾಲು

ಬೆಳಿಗ್ಗೆ ಹೆಂಡತಿ ಕಾಫಿ ಲೋಟವನ್ನು ಮುಂದಿಟ್ಟು "ಸಕ್ಕರೆ ಸಾಕಾ?" ಎಂದಳು. ಅವನು ಒಂದು ಗುಟುಕು ಕುಡಿದು, ಅದನ್ನು ನಾಲಿಗೆಯ ಮೇಲೆ ಅತ್ತಿತ್ತ ಆಡಿಸಿ, "ಸಾಕಿರಬಹುದು" ಎಂದ. "ಕುಡೀತಿರೋರು ನೀವು. ಇರಬಹುದು ಅಂದ್ರೆ ಪಕ್ಕದ ಮನೆಯವರನ್ನ ಕರೆದು ರುಚಿ ನೋಡಿಸ್ಲಾ?" ಎಂದು ನಕ್ಕು ಅವಳು ಒಳಗೆ ಹೋದಳು. ಮದುವೆಯಾದ ಹೊಸದರಲ್ಲಿ ಇದೇ ಮಾತಿಗೆ ಅಳುತ್ತಿದ್ದಳು. ಸೀರೆ ಹೇಗಿದೆ ಎಂದರೆ ಚೆನ್ನಾಗಿರಬಹುದು, ಅತ್ತೆಗೆ ನಾನು ಹಿಡಿಸಿದೆನಾ ಎಂದರೆ ಹಿಡಿಸಿರಬಹುದು. ಈಗ ನಗುತ್ತಾಳೆ. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವ ಗಂಡ ಎಂದು ನೆಂಟರೆದುರು ಆಡಿಕೊಂಡು, ಕೊನೆಗೆ "ಆದ್ರೆ ಮನುಷ್ಯ ಒಳ್ಳೆಯವರು" ಎಂದು ಸೇರಿಸುತ್ತಾಳೆ. ಇವತ್ತು ಆ ನಗು ಅವನಿಗೆ ಮುಳ್ಳಿನ ಹಾಗೆ ಚುಚ್ಚಿತು. ನಿನ್ನೆ ಸಂಜೆ ಲ್ಯಾಬಿನಲ್ಲಿ ಕೊನೆಯ ಸ್ಲೈಡುಗಳು ಬಂದಿದ್ದವು. ಕಳೆದ ವಾರ ಆಪರೇಷನ್ ಆದ ಹೆಂಗಸೊಬ್ಬಳ ಹೊಟ್ಟೆಯೊಳಗಿದ್ದ ಗೆಡ್ಡೆ ಕ್ಯಾನ್ಸರ್ ಅಲ್ಲ. ರಕ್ತನಾಳಗಳು ತಮ್ಮ ಪಾಡಿಗೆ ತಾವು ಹೆಣೆದುಕೊಂಡು ಬೆಳೆದ, ಯಾರಿಗೂ ಕೇಡು ಬಗೆಯದ, ಲಕ್ಷಕ್ಕೊಬ್ಬರಲ್ಲಿ ಕಾಣುವ ಗೆಡ್ಡೆ. ಒಳ್ಳೆಯ ಸುದ್ದಿಯೇ. ಆದರೆ ಅವನು ಫೋನಿನಲ್ಲಿ ಹೇಳಿದ ಒಂದೇ ಒಂದು 'ಇರಬಹುದು' ಎಂಬ ಮಾತಿಗೆ, ಗೆಡ್ಡೆಯ ಜೊತೆಗೆ ಅವಳ ಎಡಗಡೆಯ ಕಿಡ್ನಿಯನ್ನೂ ತೆಗೆದುಬಿಟ್ಟಿದ್ದರು. ಆ ಕಿಡ್ನಿಯನ್ನು ಅವಳು ತಮ್ಮನಿಗೆ ಕೊಡಬೇಕೆಂದು ಬಂದವಳು. ಅದೀಗ ಅವನ ಮೇಜಿನ ಕೆಳಗೆ, ಮುಚ್ಚಳ ಹಾಕಿದ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ, ಕೊಳೆಯದಂತೆ ಕಾಯುವ ಫಾರ್ಮಲಿನ್‌ನಲ್ಲಿ ಮುಳುಗಿ ಕೂತಿತ್ತು. ಕಾಫಿ ಆರಿಹೋಯಿತು. ಸಕ್ಕರೆ ಜಾಸ್ತಿಯಾಗಿತ್ತು, ಅದನ್ನೂ ಅವನು ಹೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎಂದಿನಂತೆ ಅಂಗಡಿಗಳ ಬೋರ್ಡು ಓದುತ್ತಾ ಹೋದ. ಓದಿದ್ದು ತಲೆಗೆ ಹೋಗಲಿಲ್ಲ. ಅವನದು ರೋಗಿಯ ಮುಖ ನೋಡದ ವೈದ್ಯಕೀಯ. ಹೊಟ್ಟೆ ಕೊಯ್ಯುವವರು, ಎದೆ ಕೊಯ್ಯುವವರು ತೆಗೆದು ಕಳಿಸಿದ ತುಂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಒಳ್ಳೆಯದು ಇದು ಕೆಟ್ಟದ್ದು ಎಂದು ಹೇಳುವ ಕೆಲಸ. ಎಷ್ಟೋ ಸಲ ನೆಂಟರ ಮಕ್ಕಳು "ನೀವು ಯಾವ ಡಾಕ್ಟ್ರು?" ಎಂದು ಕೇಳಿ, ಉತ್ತರ ಕೇಳಿದ ಮೇಲೆ "ಅಂದ್ರೆ ನಿಜವಾದ ಡಾಕ್ಟ್ರಲ್ಲ" ಎಂದದ್ದುಂಟು. ಅವನಿಗದು ಬೇಸರವೆನಿಸಿರಲಿಲ್ಲ. ಮುಖ ನೋಡದಿರುವುದರಲ್ಲೊಂದು ನೆಮ್ಮದಿಯಿತ್ತು. ಯಾರಿಗೂ 'ನಿಮಗೆ ಕ್ಯಾನ್ಸರ್ ಇದೆ' ಎಂದು ಅವನು ಹೇಳಬೇಕಾಗಿರಲಿಲ್ಲ. ಕಾಗದದ ಮೇಲೆ 'ಹೊಂದಿಕೆಯಾಗುತ್ತದೆ', 'ತಳ್ಳಿಹಾಕಲಾಗದು', 'ಸೂಚಿಸುವಂತಿದೆ' ಎಂದು ಬರೆದರಾಯಿತು, ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಕಿರಿಯ ಡಾಕ್ಟರುಗಳು ಬೆನ್ನ ಹಿಂದೆ ತನ್ನನ್ನು 'ಇರಬಹುದು ಸಾರ್' ಎಂದು ಕರೆಯುತ್ತಾರೆಂದು ಅವನಿಗೆ ಗೊತ್ತಿತ್ತು. ಒಂದು ದಿನ ಬಾತ್‌ರೂಮಿನೊಳಗಿದ್ದಾಗ ಹೊರಗೆ ಕೈ ತೊಳೆಯುತ್ತಿದ್ದ ಇಬ್ಬರು "ಇರಬಹುದು ಒಳಗಿದಾರಾ?" "ಇರಬಹುದು" ಎಂದು ನಗುತ್ತಾ ಹೋದರು. ಅವರ ಹೆಜ್ಜೆಯ ಸದ್ದು ಪೂರ್ತಿ ಅಡಗುವವರೆಗೆ ಅವನು ಚಿಲಕ ಹಿಡಿದು ಒಳಗೇ ನಿಂತಿದ್ದ.

ಆದರೆ ಈ ಒಬ್ಬ ರೋಗಿಯ ಮುಖವನ್ನು ಅವನು ನೋಡಿದ್ದ. ಆಪರೇಷನ್ನಿನ ಹಿಂದಿನ ದಿನ ನೆಲಮಾಳಿಗೆಯ ಲಿಫ್ಟ್ ಕೆಟ್ಟಿತ್ತು, ಜನ ಬೆಂಚಿನ ಮೇಲೆ ಕಾಯುತ್ತಿದ್ದರು. ಅವನ ಪಕ್ಕದಲ್ಲಿ ಒಬ್ಬಳು ಎತ್ತರದ, ಬಿಸಿಲಿಗೆ ಕಪ್ಪಾದ ಹೆಂಗಸು, ಶಾಲೆಯೊಂದರಲ್ಲಿ ಆಟ ಕಲಿಸುವ ಟೀಚರು. ಕೊರಳಲ್ಲಿ ಸೀಟಿಯಿಲ್ಲದಿದ್ದರೂ ಇದ್ದ ಹಾಗೆಯೇ ಮಾತಾಡುತ್ತಿದ್ದಳು. ಕೈಯಲ್ಲೊಂದು ದೊಡ್ಡ ನೀರಿನ ಬಾಟಲಿ. ಆ ಕಡೆ ಅವಳ ತಮ್ಮ, ಹಳದಿಗಟ್ಟಿದ ಮುಖ, ಡಯಾಲಿಸಿಸ್ಸಿಗೆಂದು ನಾಳ ಜೋಡಿಸಿ ಉಬ್ಬಿದ ಎಡಗೈ. "ಕುಡಿ ಕುಡಿ, ಬಾಟ್ಲಿ ಖಾಲಿ ಆಗ್ಬೇಕು. ನನ್ನ ಪಾಲು ಬತ್ತಿಹೋಗ್ಬಾರ್ದು" ಎಂದು ಅವನು ಅಕ್ಕನಿಗೆ ತಾಕೀತು ಮಾಡುತ್ತಿದ್ದ. "ಎಲ್ಲರ ಮನೇಲೂ ಅಕ್ಕತಂಗಿಯರು ಪಾಲು ಕೇಳ್ಕೊಂಡು ಬರ್ತಾರೆ, ನಮ್ಮನೇಲಿ ಉಲ್ಟಾ ನೋಡಿ ಡಾಕ್ಟ್ರೇ" ಎಂದು ಅವಳು ಇವನತ್ತ ತಿರುಗಿ ನಕ್ಕಳು. ದಾನಕ್ಕೆಂದು ಪರೀಕ್ಷೆ ಮಾಡಿಸುವಾಗ ಕಿಡ್ನಿಯ ಪಕ್ಕ ಏನೋ ಒಂದು ಗೆಡ್ಡೆ ಕಂಡಿದೆ, ನಾಳೆ ಅದನ್ನು ತೆಗೆಯುತ್ತಾರೆ, ಅದು ಸಾಧುವಾದದ್ದಾದರೆ ಕೆಲವು ತಿಂಗಳು ಬಿಟ್ಟು ಇವನ ಪಾಲು ಇವನಿಗೆ ಎಂದು ಒಂದೇ ಉಸಿರಿಗೆ ಹೇಳಿದಳು. ಇವನು "ಒಳ್ಳೇದಾಗ್ಬಹುದು" ಎಂದ. ತಮ್ಮ ಅಷ್ಟು ಹೊತ್ತಿನಿಂದ ಇವನ ಮೂಗಿನ ಮೇಲೇ ಕಣ್ಣಿಟ್ಟಿದ್ದ. "ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಕನ್ನಡಕದ ಕಡ್ಡಿ ಸಡಿಲ ಆಗಿದೆ. ಆವಾಗಿಂದ ಮೇಲಕ್ಕೆ ತಳ್ತಾನೇ ಇದೀರಿ" ಎಂದು ಕೈ ಚಾಚಿದ. ಅವನದು ಕನ್ನಡಕದ ಅಂಗಡಿ. ಕಾಯಿಲೆ ಜೋರಾದ ಮೇಲೆ ವಾರದಲ್ಲಿ ಮೂರು ನಾಲ್ಕು ದಿನ ಬಾಗಿಲು ಹಾಕಿರುತ್ತದೆ, ಆದರೂ ಜೇಬಿನಲ್ಲಿ ಪುಟ್ಟ ಸ್ಕ್ರೂ ಡ್ರೈವರ್ ಮಾತ್ರ ಬಿಟ್ಟಿಲ್ಲ. ಕಡ್ಡಿ ಬಿಗಿ ಮಾಡಿ, ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಅಂಗಿಯ ತುದಿಯಲ್ಲಿ ಒರೆಸಿ, ತಾನೇ ಇವನ ಕಿವಿಗೆ ಏರಿಸಿದ. ಬೆರಳು ತಣ್ಣಗಿದ್ದವು. "ಈಗ ನೋಡಿ. ಜಗತ್ತು ಸ್ವಲ್ಪ ನೆಟ್ಟಗೆ ಕಾಣುತ್ತೆ."

ಹೌದು, ಕಂಡಿತ್ತು. ಮರುದಿನ ಬೆಳಿಗ್ಗೆ ಆಪರೇಷನ್ ಥಿಯೇಟರಿನಿಂದ ಪುಟ್ಟ ಬಟ್ಟಲಿನಲ್ಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೆಡ್ಡೆಯ ತುಂಡು ಬಂದಾಗ ಕನ್ನಡಕ ಮೂಗಿನ ಮೇಲೆ ಭದ್ರವಾಗಿ ಕೂತಿತ್ತು. ಇದಕ್ಕೆ ಅವರು 'ಫ್ರೋಜನ್' ಎನ್ನುತ್ತಾರೆ. ಹೊಟ್ಟೆ ತೆರೆದೇ ಇರುತ್ತದೆ, ಸರ್ಜನ್ ಕೈಕಟ್ಟಿ ನಿಂತಿರುತ್ತಾರೆ, ಇಲ್ಲಿ ತುಂಡನ್ನು ಮಂಜುಗಡ್ಡೆಯಂತೆ ಗಟ್ಟಿ ಮಾಡಿ, ತೆಳ್ಳಗೆ ಸೀಳಿ, ಬಣ್ಣದಲ್ಲಿ ಅದ್ದಿ, ನೋಡಿ, ಫೋನಿನಲ್ಲಿ ಹೇಳಬೇಕು. ಮೇಣದಲ್ಲಿ ಇಟ್ಟು ನಿಧಾನಕ್ಕೆ ಮಾಡುವ ಸ್ಲೈಡಿನಷ್ಟು ಚೆಂದ ಇದರಲ್ಲಿ ಕಾಣುವುದಿಲ್ಲ, ಆದರೆ ಕಾಣಬೇಕಾದ್ದು ಕಾಣುತ್ತದೆ. ಅವನು ಕಣ್ಣಿಟ್ಟ. ಸಣ್ಣ ಸಣ್ಣ ರಕ್ತನಾಳಗಳು ಒಂದರೊಳಗೊಂದು ಬಾಯಿ ತೆರೆದುಕೊಂಡು ಬಲೆಯಂತೆ ಹರಡಿದ್ದವು. ಮೊದಲ ನೋಟಕ್ಕೆ ಕೆಟ್ಟದ್ದೇ ಎನಿಸಿತು, ಯಾಕೆಂದರೆ ರಕ್ತನಾಳದ ಕೆಟ್ಟ ಕ್ಯಾನ್ಸರ್ ಕೂಡ ಇದೇ ಬಲೆಯ ವೇಷ ಹಾಕುತ್ತದೆ. ಆಮೇಲೆ ದೊಡ್ಡದು ಮಾಡಿ ನೋಡಿದ. ಕೆಟ್ಟದ್ದರಲ್ಲಿ ಜೀವಕೋಶಗಳು ಒಂದರ ಮೇಲೊಂದು ಹತ್ತಿ, ಎಲ್ಲೆಂದರಲ್ಲಿ ಒಡೆದು ಎರಡಾಗುತ್ತಿರುತ್ತವೆ. ಇಲ್ಲಿ ಒಂದೇ ಸಾಲಿನಲ್ಲಿ, ಜಗಳವಿಲ್ಲದೆ ಕೂತಿದ್ದವು. ಓದುವ ಕಾಲದಲ್ಲಿ ದಪ್ಪ ಪುಸ್ತಕವೊಂದರ ಮೂಲೆಯಲ್ಲಿ ನೋಡಿದ್ದ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಅಪರೂಪದ್ದು, ಕೆಟ್ಟದ್ದರ ಹಾಗೆ ಕಾಣುವ ಒಳ್ಳೆಯದು. ಇದೇ ಅದು ಎಂದು ಮನಸ್ಸು ಹೇಳಿತು. ಹೀಗೆ ಅವನ ಮನಸ್ಸು ಯಾವುದನ್ನಾದರೂ ಖಡಾಖಂಡಿತವಾಗಿ ಹೇಳುವುದೇ ಅಪರೂಪ. ಅವನಿಗೆ ಒಂದು ಕ್ಷಣ ಹಿಗ್ಗೂ ಆಯಿತು, ಆ ಹಿಗ್ಗನ್ನು ಈಗ ನೆನೆದರೆ ನಾಚಿಕೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. "ಏನು ಸಾರ್, ತಮ್ಮಂಗೆ ಕೊಡೋಕೆ ಬಂದ ಅಕ್ಕ ಇವ್ರು. ಕಿಡ್ನಿ ಬಿಡ್ಲಾ, ತೆಗೀಲಾ? ಅಷ್ಟು ಹೇಳಿ ಸಾಕು" ಎಂದರು ಸರ್ಜನ್. ಫೋನಿನ ಆ ಕಡೆ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಯಾರೋ ನಕ್ಕರು. ನಕ್ಕದ್ದು ಬೇರೆ ಯಾವುದಕ್ಕೋ.

ಆ ನಗು ಅವನನ್ನು ಕಳೆದ ವರ್ಷದ ಸಭಾಂಗಣಕ್ಕೆ ಎಳೆದುಕೊಂಡು ಹೋಯಿತು. ತಿಂಗಳಿಗೊಮ್ಮೆ ಆಸ್ಪತ್ರೆಯವರೆಲ್ಲ ಸೇರಿ ತಪ್ಪಾದದ್ದನ್ನು ಚರ್ಚಿಸುವ ಸಭೆ. ಅಪರೂಪಕ್ಕೊಮ್ಮೆ ಇವನು 'ಒಳ್ಳೆಯದು' ಎಂದು ಖಚಿತವಾಗಿ ಹೇಳಿದ್ದ ಗೆಡ್ಡೆಯೊಂದು ಕೊನೆಗೆ ಕ್ಯಾನ್ಸರ್ ಆಗಿತ್ತು. ಇವನಿಗಿಂತ ಹತ್ತಾರು ವರ್ಷ ಚಿಕ್ಕವರಾದ ಇದೇ ಸರ್ಜನ್ ಎದ್ದು ನಿಂತು, "ಲ್ಯಾಬಿನವರು ಒಳ್ಳೇದು ಅಂದ್ರು, ನಾವು ಹೊಲಿದು ಮನೆಗೆ ಕಳಿಸಿದ್ವಿ. ಒಳ್ಳೇದಾಗಿರು ಅಂತ ಗೆಡ್ಡೆಗೆ ಮಾತ್ರ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ" ಎಂದಿದ್ದರು. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಇವನೂ ನಕ್ಕ. ತನ್ನ ಮೇಲೆ ಬಿದ್ದ ನಗೆಯಲ್ಲಿ ತಾನೂ ಸೇರಿಕೊಂಡರೆ ಪೆಟ್ಟು ಕಡಿಮೆ ಎಂಬುದು ಅವನಿಗೆ ಹುಡುಗನಾಗಿದ್ದಾಗಿನಿಂದ ಗೊತ್ತು. ಒಮ್ಮೆ ಮನೆ ತುಂಬ ನೆಂಟರಿದ್ದಾಗ ಅಪ್ಪ "ಹಿಂದಿನ ಬಾಗಿಲು ಹಾಕಿದೆಯೇನೋ?" ಎಂದಿದ್ದರು, ಇವನು "ಹಾಕಿದೀನಿ" ಎಂದಿದ್ದ. ಹಾಕಿರಲಿಲ್ಲ. ನಾಯಿ ನುಗ್ಗಿ ಹಾಲಿನ ಪಾತ್ರೆ ಉರುಳಿಸಿತು, ಎಲ್ಲರೆದುರು ಅಪ್ಪನ ಕೈ ಕೆನ್ನೆಗೆ ಬಿತ್ತು. ಇವನು ಕೆನ್ನೆ ಹಿಡಿದುಕೊಂಡೇ ನಕ್ಕಿದ್ದ. ಮಾರನೆಯ ದಿನ ಅಪ್ಪ ಮತ್ತೆ ಕೇಳಿದಾಗ, ಬಾಗಿಲು ಹಾಕಿ ಚಿಲಕ ಎರಡು ಸಲ ಎಳೆದು ನೋಡಿ ಬಂದಿದ್ದರೂ, "ಹಾಕಿರಬೇಕು" ಎಂದ. ಅಪ್ಪ ಹೊಡೆಯಲಿಲ್ಲ. ತಾವೇ ಎದ್ದು ಹೋಗಿ ನೋಡಿ ಬಂದರು. ಅಂಥ ಒಂದು ಮಾತಿನಲ್ಲಿ ಎಷ್ಟು ದೊಡ್ಡ ಆಸರೆಯಿದೆ! ಅದರ ಕೆಳಗೆ ನಿಂತರೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಎದ್ದು ಹೋಗಿ ನೋಡುವ ಕೆಲಸ ಬೇರೆಯವರದು.

"ಕೆಟ್ಟದ್ದು ಇರಬಹುದು" ಎಂದಿದ್ದ ಫೋನಿಗೆ. ತನ್ನ ದನಿ ತನಗೇ ಕೇಳಿಸಿತು, ಅದರಲ್ಲಿ ಗಾಂಭೀರ್ಯವೂ ಇತ್ತು. "ಸರಿ, ತೆಗೀತೀನಿ" ಎಂದು ಆ ಕಡೆಯಿಂದ ಫೋನು ಇಟ್ಟರು. ಇವನ ಕೈಯಲ್ಲಿ ಫೋನು ಹಾಗೇ ಉಳಿಯಿತು. ಮೂರನೆಯ ಉತ್ತರವೊಂದಿತ್ತು. 'ಈಗ ಹೇಳೋದಕ್ಕಾಗಲ್ಲ, ಗೆಡ್ಡೆ ಮಾತ್ರ ತೆಗೆದು ಹೊಲಿದುಬಿಡಿ, ಮೇಣದ ಸ್ಲೈಡ್ ಬರೋವರೆಗೆ ಕಾಯೋಣ' ಎಂದು ಹೇಳಬಹುದಿತ್ತು. ಲೋಕದಲ್ಲಿ ಈ ಕೆಲಸ ಮಾಡುವವರೆಲ್ಲ ದಿನಬೆಳಗಾದರೆ ಹೇಳುವ ಮಾತು ಅದು, ತಪ್ಪಲ್ಲ, ಅವಮಾನವಲ್ಲ. ಆದರೆ ಕಾಯಿರಿ ಎಂದರೆ ಸರ್ಜನ್ "ಯಾಕೆ, ಕಾಣಿಸ್ತಿಲ್ವಾ?" ಎನ್ನುತ್ತಿದ್ದರು. ಒಳ್ಳೆಯದು ಎಂದರೆ, ಮತ್ತೆ ಸಭೆ. ಕೆಟ್ಟದ್ದಿರಬಹುದು ಎಂದರೆ ಯಾರು ಏನೆನ್ನುತ್ತಾರೆ? ನಿಜವಾಗಿಯೂ ಕೆಟ್ಟದ್ದಾದರೆ ಜಾಣ, ಒಳ್ಳೆಯದಾದರೆ ಎಲ್ಲರಿಗೂ ಸಂತೋಷ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಆಮೇಲೆ, ಊಟದ ಹೊತ್ತಿಗೆ, ಅವನು ತನಗೆ ತಾನೇ ಬೇರೆ ಕಾರಣ ಕಟ್ಟಿಕೊಂಡ. ಒಳ್ಳೆಯದು ಎಂದು ಹೇಳಿ ಅದು ಕೆಟ್ಟದ್ದಾಗಿದ್ದರೆ ಅಕ್ಕನೂ ಹೋಗುತ್ತಿದ್ದಳು, ಅವಳ ಕಿಡ್ನಿ ಹಾಕಿಸಿಕೊಂಡ ತಮ್ಮನೂ ಹೋಗುತ್ತಿದ್ದ, ಎರಡು ಜೀವದ ಪ್ರಶ್ನೆ ಎಂದು. ಬಹಳ ಒಪ್ಪವಾದ ಕಾರಣ. ಫೋನು ಕೈಯಲ್ಲಿದ್ದಾಗ ಮಾತ್ರ ಆ ಎರಡು ಜೀವಗಳು ಅವನ ತಲೆಯ ಹತ್ತಿರವೂ ಸುಳಿದಿರಲಿಲ್ಲ.

ಆಮೇಲೆ ಕಿಡ್ನಿ ಬಂತು. ಇನ್ನೂ ಬೆಚ್ಚಗಿತ್ತು. ಅದನ್ನು ಹಲಗೆಯ ಮೇಲಿಟ್ಟು, ಉದ್ದನೆಯ ಚಾಕುವಿನಿಂದ ಹೊರಬದಿಯಿಂದ ಒಳಕ್ಕೆ ಒಂದೇ ಎಳೆತಕ್ಕೆ ಸೀಳಿ, ಪುಸ್ತಕದಂತೆ ಬಿಡಿಸಿದ. ಅದು ನಿಯಮ, ಬಿಡಿಸದಿದ್ದರೆ ಫಾರ್ಮಲಿನ್ ಒಳಗೆ ಇಳಿಯುವುದಿಲ್ಲ, ಕೊಳೆಯುತ್ತದೆ. ಸಾವಿರ ಸಲ ಮಾಡಿದ ಕೆಲಸ. ರೋಗ ಹತ್ತಿದ ಕಿಡ್ನಿಗಳನ್ನೇ ನೋಡಿ ನೋಡಿ ಮಂಜಾಗಿದ್ದ ಕಣ್ಣಿಗೆ ಇದು ತೊಳೆದಿಟ್ಟ ಹಾಗೆ ಕಂಡಿತು. ಕೆಂಪು ಕಂದು ಮೈ, ಒಳಗೆ ಅಚ್ಚುಕಟ್ಟಾದ ಗೆರೆಗಳು, ಎಲ್ಲೂ ಒಂದು ಕಲೆಯಿಲ್ಲ. ಗೆಡ್ಡೆ ಕೂತಿದ್ದ ಕಡೆ ನೋಡಿದ. ಗೆಡ್ಡೆಗೂ ಕಿಡ್ನಿಗೂ ನಡುವೆ ಹಳದಿ ಕೊಬ್ಬಿನ ಪಟ್ಟಿ, ಬೆರಳಿನ ಅಗಲ. ಎರಡೂ ಒಂದನ್ನೊಂದು ಮುಟ್ಟಿಯೂ ಇರಲಿಲ್ಲ. ಪಕ್ಕದಲ್ಲಿದ್ದ ಸಹಾಯಕಿ "ಚೆನ್ನಾಗಿದೆಯಲ್ಲ ಸಾರ್ ಇದು?" ಎಂದಳು, ಅವನು ಎಂದಿನಂತೆ ಉತ್ತರ ಕೊಟ್ಟ. ಆಮೇಲೆ ಬಕೆಟ್ಟಿಗೆ ಹಾಕಿ ಫಾರ್ಮಲಿನ್ ಸುರಿದ. ಆ ದ್ರವ ಮುಟ್ಟಿದ ಮೇಲೆ ಯಾವ ಅಂಗಕ್ಕೂ ವಾಪಸು ದಾರಿಯಿಲ್ಲ ಎಂಬುದು ಅವನ ಕಸುಬಿನ ಮೊದಲ ಪಾಠ. ಸುರಿಯುವಾಗ ಕಣ್ಣು ಉರಿದು ನೀರು ಬಂತು. ಫಾರ್ಮಲಿನ್ನಿಗೆ ಯಾರ ಕಣ್ಣಿಗಾದರೂ ನೀರು ಬರುತ್ತದೆ.

ಇವತ್ತು ಸರ್ಜನ್ ಕೋಣೆಗೆ ಹೋದಾಗ ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಬಾಳೆಹಣ್ಣು ತಿನ್ನುತ್ತಿದ್ದರು. "ಬನ್ನಿ ಬನ್ನಿ ಸಾರ್, ಒಳ್ಳೇ ಸುದ್ದಿ ತಂದಿದೀರಂತೆ" ಎಂದರು. ಅವನು ಕೂರಲಿಲ್ಲ. 'ಅವತ್ತು ನಾನು ಹೇಳಿದ್ದು ನನಗೆ ಕಂಡದ್ದಲ್ಲ' ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. "ಅವತ್ತು ಫ್ರೋಜನ್ನಿನಲ್ಲಿ..." ಎಂದ. ಸರ್ಜನ್ ಕೈ ಅಡ್ಡ ಬೀಸಿದರು. "ಅಯ್ಯೋ, ಅದನ್ನೆಲ್ಲ ಯಾಕೆ ತಲೆಗೆ ಹಚ್ಕೋತೀರಿ? ಗೆಡ್ಡೆ ಕಿಡ್ನಿಗೆ ಅಂಟಿತ್ತು, ತೆಗೀಲೇಬೇಕಾಗಿತ್ತು ಅಂತ ಅವರಿಗೆ ಹೇಳಿದೀನಿ. ಕ್ಯಾನ್ಸರ್ ಅಲ್ಲ ಅಂದ್ಮೇಲೆ ಇನ್ನೇನು ಬೇಕು ಅವರಿಗೆ?" "ಅಂಟಿರಲಿಲ್ಲ" ಎಂದ ಅವನು. ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದರಿಂದ ಅದು ಪ್ರಶ್ನೆಯ ಹಾಗೆ ಕೇಳಿಸಿತು. "ಅಂಟಿರಬಹುದು ಅನ್ಕೊಳ್ಳಿ" ಎಂದು ಸರ್ಜನ್ ಕಣ್ಣು ಮಿಟುಕಿಸಿದರು. "ನಿಮ್ಮದೇ ಭಾಷೇಲಿ ಹೇಳ್ತಿದೀನಿ. ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ ಸಾರ್. ನಿಜ ಹೇಳ್ಬೇಕಂದ್ರೆ ಫೋನ್ ಮಾಡೋಕೆ ಮುಂಚೆನೇ ನೀವು ಏನಂತೀರಿ ಅಂತ ಗೊತ್ತಿತ್ತು. ಕೇಳ್ಬೇಕಲ್ಲ ಅಂತ ಕೇಳಿದ್ದು." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬೈಗುಳಕ್ಕೂ ಯೋಗ್ಯನಲ್ಲದವನ ಹಾಗೆ ಬಾಗಿಲು ಎಳೆದುಕೊಂಡು ಹೊರಗೆ ಬಂದ. ಮೆಟ್ಟಿಲು ಇಳಿಯುತ್ತಾ ಇಷ್ಟು ವರ್ಷ ತಾನು ಎಚ್ಚರಿಕೆ ಎಂದುಕೊಂಡದ್ದಕ್ಕೆ ಬೇರೆ ಹೆಸರಿದೆ ಎಂದು ಹೊಳೆಯಿತು. ಆ ಹೆಸರು ಅಪ್ಪನಿಗೂ ಹೆಂಡತಿಗೂ ಬಾತ್‌ರೂಮಿನ ಹುಡುಗರಿಗೂ ಗೊತ್ತಿತ್ತು, ತನ್ನೊಬ್ಬನನ್ನು ಬಿಟ್ಟು.

ಮಧ್ಯಾಹ್ನ ಸಹಾಯಕಿ ಬಾಗಿಲಲ್ಲಿ ಇಣುಕಿ, "ಸಾರ್, ಆ ಟೀಚರ್ ಬಂದಿದಾರೆ. ಹೊಲಿಗೆ ಬಿಚ್ಚಿಸ್ಕೊಳ್ಳೋಕೆ ಬಂದಿದ್ರಂತೆ, ನಿಮ್ಮನ್ನ ನೋಡ್ಬೇಕಂತೆ" ಎಂದಳು. ಲ್ಯಾಬಿಗೆ ರೋಗಿಗಳು ಬರುವುದಿಲ್ಲ, ಬಂದರೂ 'ನಿಮ್ಮ ಸರ್ಜನ್ನನ್ನು ಕೇಳಿ' ಎಂದು ಹೇಳಿ ಕಳಿಸುವುದು ರೂಢಿ. ಆ ಮಾತು ಹೇಳುವಷ್ಟರಲ್ಲಿ ಅವಳು ಒಳಗೆ ಬಂದಾಗಿತ್ತು. ಎಡಪಕ್ಕೆಯ ಮೇಲೆ ಕೈ ಒತ್ತಿ, ಎತ್ತರದ ಮೈಯನ್ನು ಸ್ವಲ್ಪ ಬಗ್ಗಿಸಿ ನಡೆಯುತ್ತಿದ್ದಳು. ಅವನನ್ನು ನೋಡಿದ್ದೇ, "ಓ, ನೀವಾ ಅದು! ಲಿಫ್ಟ್ ಹತ್ರ ಸಿಕ್ಕಿದ್ದ ಡಾಕ್ಟ್ರು" ಎಂದು ಮುಖವರಳಿಸಿದಳು. "ಕ್ಯಾನ್ಸರ್ ಅಲ್ಲ ಅಂದ್ರು. ಅದನ್ನ ಕಂಡುಹಿಡಿದಿದ್ದು ಲ್ಯಾಬಿನವರು ಅಂದ್ರು. ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ." ಎರಡೂ ಕೈ ಜೋಡಿಸಿದಳು. ಅವನು ಆ ಕೈಗಳನ್ನು ನೋಡಲಾರದೆ ಮೇಜಿನ ಮೇಲಿದ್ದ ಸ್ಲೈಡಿನ ಪೆಟ್ಟಿಗೆಯನ್ನು ಸರಿಸಿ, ಮತ್ತೆ ಅಲ್ಲೇ ಇಟ್ಟ. "ಕೂತ್ಕೊಳ್ಳಿ" ಎಂದ. "ತಮ್ಮ?" ಎಂದ. "ಹೊರಗಡೆ ಬೆಂಚ್ ಮೇಲಿದಾನೆ. ಇನ್ಮೇಲೆ ಯಾರಾದರೂ ಸತ್ತೋರು ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನಾನೊಬ್ಬಳೇ ಅವನಿಗೆ ಹೊಂದ್ತಿದ್ದಿದ್ದು. ನನ್ನ ಹತ್ರ ಈಗ ಇರೋದು ಒಂದೇ, ಅದನ್ನ ಕೊಡೋಕೆ ಬಿಡಲ್ವಲ್ಲ" ಎಂದಳು. ಅಳುತ್ತಿರಲಿಲ್ಲ. ಅತ್ತು ಮುಗಿಸಿ ಬಂದವರ ದನಿ ಅದು. ಆಮೇಲೆ "ತೆಗೆದದ್ದು ಇಲ್ಲೇ ಇರುತ್ತಂತೆ. ನೋಡ್ಬಹುದಾ?" ಎಂದು ಕೇಳಿದಳು.

ಬೇಡ ಎನ್ನುವುದಕ್ಕೆ ನಿಯಮಗಳಿದ್ದವು. ಅವನು ಬಗ್ಗಿ ಬಕೆಟ್ಟನ್ನು ಎಳೆದ, ಕೈಗವಸು ಹಾಕಿಕೊಂಡ, ಮುಚ್ಚಳ ತೆಗೆದು, ಕಿಡ್ನಿಯನ್ನು ನೀರಿನಲ್ಲಿ ತೊಳೆದು ತಟ್ಟೆಯ ಮೇಲಿಟ್ಟ. ಕೆಂಪು ಹೋಗಿ ಬೂದು ಬಣ್ಣವಾಗಿತ್ತು. ಸೀಳಿದ ಎರಡು ಹೋಳುಗಳು ಒಂದು ಅಂಚಿನಲ್ಲಿ ಮಾತ್ರ ಅಂಟಿಕೊಂಡಿದ್ದವು. ಅವಳು ಬಹಳ ಹೊತ್ತು ನೋಡಿದಳು. "ಇಷ್ಟೇನಾ? ದೊಡ್ಡದಿರುತ್ತೆ ಅನ್ಕೊಂಡಿದ್ದೆ. ಇಷ್ಟಕ್ಕೆ ನಾನು ಕೊಡಗಟ್ಟಲೆ ನೀರು ಕುಡ್ದಿದೀನಿ" ಎಂದಳು. ಆಮೇಲೆ ತಲೆಯೆತ್ತಿ, ತರಗತಿಯಲ್ಲಿ ಕೇಳುವ ಹಾಗೆ ನೇರವಾಗಿ ಕೇಳಿದಳು.

"ಇದು ಚೆನ್ನಾಗಿತ್ತಾ?"

ಅಭ್ಯಾಸದ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಅದನ್ನು ನುಂಗುವುದಕ್ಕೆ ಎಷ್ಟು ಬಲ ಬೇಕೆಂದು ಅವನಿಗೆ ಅವತ್ತೇ ಗೊತ್ತಾದದ್ದು.

"ಚೆನ್ನಾಗಿತ್ತು."

"ಗೆಡ್ಡೆ ಇದಕ್ಕೆ ಅಂಟಿತ್ತು ಅಂದ್ರಲ್ಲ ಅವರು?"

"ಅಂಟಿರ್ಲಿಲ್ಲ. ನಡುವೆ ಕೊಬ್ಬಿತ್ತು. ಇಲ್ಲಿ ನೋಡಿ." ಅವನು ಚಿಮಟದ ತುದಿಯಿಂದ ತೋರಿಸಿದ. ಹಳದಿ ಪಟ್ಟಿ ಇನ್ನೂ ಹಾಗೇ ಇತ್ತು.

"ಮತ್ತೆ ಯಾಕೆ ತೆಗೆದ್ರು?"

"ನಾನು ಕೆಟ್ಟದ್ದಿರಬಹುದು ಅಂದೆ. ಫೋನಿನಲ್ಲಿ."

"ನಿಮಗೆ ಹಾಗೆ ಕಂಡಿತ್ತಾ?"

"ಇಲ್ಲ. ಒಳ್ಳೇದು ಅಂತಲೇ ಕಂಡಿತ್ತು."

"ಹಾಗಾದ್ರೆ?"

"ಹೆದರಿದೆ" ಎಂದ. ಯಾರಿಗೆ, ಏನಕ್ಕೆ ಎಂದು ಅವಳು ಕೇಳಿದ್ದರೆ ಸಭೆಯದ್ದು, ನಗುವಿನದ್ದು, ಎಲ್ಲ ಹೇಳಬೇಕಾಗುತ್ತಿತ್ತು, ಹೇಳಿದರೆ ಅದು ಎಷ್ಟು ಚಿಕ್ಕದಾಗಿ ಕೇಳಿಸುತ್ತದೆಂದು ಅವನಿಗೆ ಗೊತ್ತಿತ್ತು. ಅವಳು ಕೇಳಲಿಲ್ಲ. ಪಕ್ಕೆಯ ಮೇಲಿದ್ದ ಕೈ ಮಾತ್ರ ಬಿಗಿಯಾಯಿತು. ಗೋಡೆಯ ಗಡಿಯಾರದ ಕೆಳಗೆ ಫ್ರೋಜನ್ ಯಂತ್ರ ಒಮ್ಮೆ ಗುರ್ ಎಂದು ಸುಮ್ಮನಾಯಿತು. "ಶಾಲೇಲಿ ಮಕ್ಕಳು ಸುಳ್ಳು ಹೇಳಿದ್ರೆ ನಾನು ಮೈದಾನ ಸುತ್ತಿಸ್ತೀನಿ. ನಿಮ್ಮನ್ನ ಏನು ಮಾಡ್ಲಿ?" ಎಂದಳು. ದನಿ ಏರಿಸಲಿಲ್ಲ. ಏರಿಸಲಿ, ತಟ್ಟೆ ತೆಗೆದು ಎಸೆಯಲಿ, ಕೆನ್ನೆಗೆ ಹೊಡೆಯಲಿ ಎಂದು ಅವನು ಕಾದ. ಹೊಡೆದರೆ ಈ ಸಲ ನಗುವುದಿಲ್ಲ ಎಂದುಕೊಂಡ. "ಆಪರೇಷನ್ ಆದ್ಮೇಲೆ ಬಂದ ಜ್ವರ ಇಳಿದ ದಿನ ನನ್ನ ತಮ್ಮ ಏನಂದ ಗೊತ್ತಾ? ಹೋಗ್ಲಿ ಬಿಡೇ ಅಕ್ಕ, ಅದಕ್ಕೆ ರೋಗ ಹತ್ತಿತ್ತಂತಲ್ಲ, ಹಾಕಿಸ್ಕೊಂಡಿದ್ರೂ ಉಪಯೋಗ ಆಗ್ತಿರ್ಲಿಲ್ಲ ಅಂದ. ಅಷ್ಟರಲ್ಲೇ ಸಮಾಧಾನ ಮಾಡ್ಕೊಂಡಿದಾನೆ." ಅವಳು ಎದ್ದು ನಿಂತಳು. ಹೊರಟುಹೋಗುತ್ತಾಳೆ, ತಮ್ಮನಿಗೆ ಅಷ್ಟೇ ಸಮಾಧಾನ ಉಳಿಯಲಿ ಎಂದು ಈ ಮಾತನ್ನು ಇಲ್ಲೇ ಬಿಟ್ಟು ಹೋಗುತ್ತಾಳೆ ಎಂದು ಅವನಿಗೆ ಅನಿಸಿತು. ಹಾಗನಿಸಿದಾಗ ಒಳಗೆಲ್ಲೋ ಹಗುರಾದದ್ದು ತಿಳಿದು ತನ್ನ ಬಗ್ಗೆಯೇ ಹೇಸಿಗೆಯಾಯಿತು. "ಇದನ್ನ ನನಗೆ ಹೇಳಿ ಏನುಪಯೋಗ? ನಂದು ನನ್ನ ಹತ್ರ ಇದೆ. ಅವನ ಪಾಲು ಇದು, ಅವನಿಗೆ ಹೇಳಿ" ಎಂದು ಬಾಗಿಲ ಕಡೆ ತಿರುಗಿ, ಮೈದಾನದ ಆ ತುದಿಗೂ ಕೇಳುವ ದನಿಯಲ್ಲಿ, "ಬಾರೋ ಇಲ್ಲಿ!" ಎಂದು ಕೂಗಿದಳು.

ತಮ್ಮ ನಿಧಾನಕ್ಕೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ನಿಂತು, ಬಿಟ್ಟೇ ಬಂದ. ಮೊದಲು ಅವನ ಕಣ್ಣು ಹೋದದ್ದು ತಟ್ಟೆಯ ಮೇಲಲ್ಲ.

"ಕಡ್ಡಿ ನಿಂತಿದೆಯಾ ಡಾಕ್ಟ್ರೇ? ಜಾರ್ತಿಲ್ಲ ತಾನೆ?"

"ಇಲ್ಲ. ಜಾರ್ತಿಲ್ಲ."

"ಕಾಣೋದು?"

"ಚೆನ್ನಾಗಿ ಕಾಣುತ್ತೆ. ಅವತ್ತೂ ಚೆನ್ನಾಗಿ ಕಂಡಿತ್ತು."

ತಮ್ಮ ತನ್ನ ಕೆಲಸದ ಬಗ್ಗೆ ಹೆಮ್ಮೆಪಟ್ಟು ನಕ್ಕ. ಆಮೇಲೆ ಅಕ್ಕನ ಮುಖ ನೋಡಿದ, ಅವಳ ಕಣ್ಣು ಹೋದ ಕಡೆ ನೋಡಿದ. "ಇದೇನಾ?" ಎಂದ. "ಹೂಂ ಕಣೋ. ನಿನ್ನ ಪಾಲು" ಎಂದಳು ಅವಳು. ಅವನು ಉಬ್ಬಿದ ಎಡಗೈಯನ್ನು ಬಲಗೈಯಲ್ಲಿ ಹಿಡಿದು, ತಟ್ಟೆಯ ಮೇಲೆ ಬಗ್ಗಿ, ಗಾಜಿನಲ್ಲಿ ಗೀರು ಹುಡುಕುವವನಂತೆ ಒಂದು ಕಣ್ಣು ಸಣ್ಣದು ಮಾಡಿ ನೋಡಿದ. ಒಂದು ಹೋಳು, ಇನ್ನೊಂದು ಹೋಳು, ಮತ್ತೆ ಮೊದಲನೆಯದು. ಎಲ್ಲಿ ರೋಗ ಹತ್ತಿದೆಯೆಂದು ಅವನು ಹುಡುಕುತ್ತಿದ್ದಾನೆಂದು ಡಾಕ್ಟರಿಗೆ ಅರ್ಥವಾಯಿತು.

"ಏನೂ ಕಾಣಲ್ವಲ್ಲೇ ಅಕ್ಕ" ಎಂದ ಕೊನೆಗೆ. "ಚೆನ್ನಾಗೇ ಇಟ್ಕೊಂಡಿದ್ದೆಯಲ್ಲ."

ಅವಳು ಗೋಡೆಯ ಕಡೆ ತಿರುಗಿ ನಿಂತು, "ಡಾಕ್ಟ್ರು ನಿನಗೇನೋ ಹೇಳ್ಬೇಕಂತೆ" ಎಂದಳು. ತಮ್ಮ ನೆಟ್ಟಗಾದ. ಅಕ್ಕನಿಗೆ ಕ್ಯಾನ್ಸರ್ ಇಲ್ಲವೆಂಬ ಸಂತೋಷ ಅವನ ಮುಖದ ಮೇಲೆ ಇನ್ನೂ ಹಾಗೇ ಇತ್ತು, ಅಂಥದೇ ಇನ್ನೊಂದು ಸುದ್ದಿ ಬರಬಹುದೆಂಬಂತೆ.

"ಹೇಳಿ ಡಾಕ್ಟ್ರೇ" ಎಂದ.